ಬಾಡಿಗೆಗೆ ತಂದ ಭಯ: ಮನೆಯಲ್ಲಿ ಇಬ್ಬರೇ ಕೂತು ಹಾರರ್ ಸಿನಿಮಾ ನೋಡುವಾಗ ತಿಳಿದಿರಬೇಕಾದದ್ದು

ಚಿತ್ರಮಂದಿರದಲ್ಲಿ ಸದ್ದು, ಕತ್ತಲೆ, ಪರದೆಯ ಗಾತ್ರ ಯಾವುದೂ ಪ್ರೇಕ್ಷಕರ ಕೈಯಲ್ಲಿರುವುದಿಲ್ಲ. ಮುನ್ನೂರು ಜನ ಕೂತಿದ್ದರೆ ಮುನ್ನೂರು ಜನಕ್ಕೂ ಒಂದೇ ಅಳತೆ. ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ ಕೂತು ನೋಡುವಾಗ ಇದೆಲ್ಲವೂ ಅವರ ಕೈಗೇ ಬರುತ್ತದೆ. ಅದರಲ್ಲಿ ಅನುಕೂಲವೂ ಇದೆ, ಎಡವಟ್ಟೂ ಇದೆ. ಟ್ಯೂಬ್‌ಲೈಟ್ ಉರಿಯುತ್ತಿದ್ದರೆ ಅರ್ಧ ದೃಶ್ಯ ಕಾಣುವುದೇ ಇಲ್ಲ. ಪಿಸುಮಾತು ಕೇಳಲಿಲ್ಲವೆಂದು ವಾಲ್ಯೂಮ್ ಏರಿಸಿದರೆ ಮುಂದಿನ ಕಿರುಚಾಟ ಪಕ್ಕದ ಮನೆಗೂ ತಲುಪುತ್ತದೆ. ಜೋಡಿಯಲ್ಲಿ ಒಬ್ಬರಿಗೆ ಹೆದರುವುದೇ ಇಷ್ಟ, ಇನ್ನೊಬ್ಬರು ಜೊತೆಗಿರಲೆಂದು ಕೂತಿರುತ್ತಾರೆ. ಒಂದೇ ಸಿನಿಮಾವನ್ನು ಆ ಇಬ್ಬರಿಗೂ ಹೊಂದಿಸಿಕೊಳ್ಳುವುದು ಹೇಗೆ ಎಂಬುದೇ ಇಲ್ಲಿನ ವಿಷಯ.

ಬಾಡಿಗೆ ಎಂದರೆ ಎಷ್ಟು ಹೊತ್ತು?

ಆನ್‌ಲೈನ್‌ನಲ್ಲಿ ಸಿನಿಮಾಕ್ಕೆ ಹಣ ಕೊಡುವ ದಾರಿ ಮುಖ್ಯವಾಗಿ ಮೂರು. ಚಂದಾ ಕಟ್ಟಿ ಆ ವೇದಿಕೆಯ ಸಂಗ್ರಹವನ್ನೆಲ್ಲ ನೋಡುವುದು ಒಂದು, ಒಂದು ಸಿನಿಮಾವನ್ನು ಖರೀದಿಸುವುದು ಇನ್ನೊಂದು, ಒಂದು ಸಿನಿಮಾವನ್ನು ಗೊತ್ತುಪಡಿಸಿದ ಅವಧಿಗೆ ಬಾಡಿಗೆಗೆ ಪಡೆಯುವುದು ಮೂರನೆಯದು. ಭಾರತದಲ್ಲಿ ಯೂಟ್ಯೂಬ್, ಆ್ಯಪಲ್ ಟಿವಿ, ಪ್ರೈಮ್ ವಿಡಿಯೊಗಳಲ್ಲಿ ಬಾಡಿಗೆ ಸಿಗುತ್ತದೆ. ಪ್ರೈಮ್ ವಿಡಿಯೊ ಇದನ್ನು ಶುರುಮಾಡಿದ್ದು 2022ರ ಏಪ್ರಿಲ್‌ನಲ್ಲಿ, ಆಗ ಬೆಲೆ ₹69ರಿಂದ ಆರಂಭವಾಗುತ್ತಿತ್ತು. ಬಾಡಿಗೆಗೆ ಪಡೆಯಲು ಪ್ರೈಮ್ ಸದಸ್ಯತ್ವ ಬೇಕಿಲ್ಲ. ಸದಸ್ಯರಾಗಿದ್ದರೂ ಬಾಡಿಗೆ ಹಣ ಬೇರೆಯೇ. ಅನೇಕರು ಗೊಂದಲಕ್ಕೆ ಬೀಳುವುದು ಇಲ್ಲಿ.

ಸಾಮಾನ್ಯ ನಿಯಮವೆಂದರೆ, ಹಣ ಕೊಟ್ಟ ಮೇಲೆ ನೋಡಲು ಶುರುಮಾಡುವುದಕ್ಕೆ 30 ದಿನ, ಶುರುಮಾಡಿದ ಮೇಲೆ ಮುಗಿಸುವುದಕ್ಕೆ 48 ಗಂಟೆ. ಕೆಲವು ಸಿನಿಮಾಗಳಿಗೆ ಅವಧಿ ಬೇರೆ ಇರಬಹುದು, ಹಣ ಕೊಡುವ ಪುಟದಲ್ಲಿ ಅದು ಬರೆದಿರುತ್ತದೆ. 1980ರ ದಶಕದಲ್ಲಿ ವಿಸಿಪಿ (ವಿಡಿಯೊ ಕ್ಯಾಸೆಟ್ ಓಡಿಸುವ ಯಂತ್ರ), ಕಲರ್ ಟಿವಿ, ಕ್ಯಾಸೆಟ್ಟುಗಳನ್ನು ಒಂದು ರಾತ್ರಿಗೆಂದು ಬಾಡಿಗೆಗೆ ತರುತ್ತಿದ್ದಾಗ ಲೆಕ್ಕ ಶುರುವಾಗುತ್ತಿದ್ದದ್ದು ಅಂಗಡಿಯಲ್ಲಿ. ಈಗ ಶುರುವಾಗುವುದು ಪ್ಲೇ ಒತ್ತಿದ ಕ್ಷಣ. ಹಾಗಾಗಿ ‘ಸರಿಯಾಗಿ ಓಡುತ್ತದೋ ಇಲ್ಲವೋ’ ಎಂದು ಬುಧವಾರವೇ ಒಂದು ನಿಮಿಷ ಹಾಕಿ ನೋಡಿದರೆ ಶನಿವಾರ ರಾತ್ರಿಗೆ ಸಿನಿಮಾ ಉಳಿದಿರುವುದಿಲ್ಲ. ಪರೀಕ್ಷೆಗೆ ಅದರ ಟ್ರೇಲರ್ ಹಾಕಿ. ಅವಧಿಯ ಲೆಕ್ಕಕ್ಕೆ ಅದು ಬರುವುದಿಲ್ಲ.

ಹಾರರ್ ನೋಡುವ ಜೋಡಿಗೆ ಈ 48 ಗಂಟೆ ಒಂದು ಸೌಲಭ್ಯ. ಶುಕ್ರವಾರ ರಾತ್ರಿ 9ಕ್ಕೆ ಶುರುಮಾಡಿದರೆ ಭಾನುವಾರ ರಾತ್ರಿ 9ರವರೆಗೆ ಸಮಯವಿದೆ. ನಡುವೆ ನಿಲ್ಲಿಸಿ ಉಳಿದದ್ದನ್ನು ಶನಿವಾರ ಮಧ್ಯಾಹ್ನ ನೋಡಬಹುದು. ‘ದುಡ್ಡು ಕೊಟ್ಟಾಗಿದೆ, ಮುಗಿಸಿಬಿಡೋಣ’ ಎಂದು ಒಬ್ಬರನ್ನು ಕೂರಿಸಿಕೊಳ್ಳುವ ಅಗತ್ಯವಿಲ್ಲ.

ತಾಂತ್ರಿಕ ತೊಡಕುಗಳಲ್ಲಿ ಪದೇಪದೇ ಎದುರಾಗುವುದು ಎರಡು. ಮೊದಲನೆಯದು, ಎಚ್‌ಡಿ ಬೆಲೆ ಕೊಟ್ಟರೂ ಮಸುಕಾದ ಚಿತ್ರ. ಬಾಡಿಗೆ ಸಿನಿಮಾಗಳಿಗೆ ನಕಲು ತಡೆಯುವ ಬೀಗ ಇರುತ್ತದೆ. ಆಂಡ್ರಾಯ್ಡ್ ಸಾಧನಗಳಲ್ಲಿ ಅದರ ಹೆಸರು ವೈಡ್‌ವೈನ್. ಸಾಧನದ ವೈಡ್‌ವೈನ್ ಮಟ್ಟ ‘ಎಲ್1’ ಇದ್ದರೆ ಎಚ್‌ಡಿ ಬರುತ್ತದೆ. ‘ಎಲ್3’ ಇದ್ದರೆ ಸಾಮಾನ್ಯವಾಗಿ ಅದಕ್ಕಿಂತ ಕೆಳಗಿನ ಗುಣಮಟ್ಟವಾದ ಎಸ್‌ಡಿಗೇ ನಿಲ್ಲುತ್ತದೆ. ಕೆಲವು ಕಂಪ್ಯೂಟರ್ ಬ್ರೌಸರ್‌ಗಳಲ್ಲೂ ಇದೇ ಮಿತಿ. ಎರಡನೆಯದು, ಫೋನಿನ ಪರದೆಯನ್ನು ಟಿವಿಗೆ ಮಿರರ್ ಮಾಡಿದಾಗ ಸದ್ದು ಮಾತ್ರ ಬಂದು ಚಿತ್ರ ಕಪ್ಪಾಗುವುದು. ಅದೂ ಬೀಗದ್ದೇ ಕೆಲಸ. ಎರಡಕ್ಕೂ ಮದ್ದು ಒಂದೇ: ಟಿವಿಯಲ್ಲೇ ಇರುವ ಆ್ಯಪ್ ತೆರೆದು ಅದೇ ಖಾತೆಯಿಂದ ನೋಡುವುದು. ಇಂಟರ್ನೆಟ್ ವೇಗ ಫುಲ್ ಎಚ್‌ಡಿಗೆ ಸೆಕೆಂಡಿಗೆ 5 ಮೆಗಾಬಿಟ್, 4ಕೆಗೆ ಸುಮಾರು 15 ಇದ್ದರೆ ಸಾಕು. ಮೊಬೈಲ್ ಡೇಟಾದಲ್ಲಾದರೆ ಎಚ್‌ಡಿ ಗಂಟೆಗೆ 3 ಜಿಬಿಯವರೆಗೂ ತಿನ್ನಬಹುದು.

ಹೆದರಿಕೆಯಲ್ಲಿ ಬಗೆಗಳಿವೆ

‘ನನಗೆ ಹಾರರ್ ಆಗುವುದಿಲ್ಲ’ ಎನ್ನುವವರಿಗೆ ಬಹುಪಾಲು ಅದರಲ್ಲಿನ ಒಂದು ಬಗೆ ಮಾತ್ರ ಆಗದೆ ಇರುತ್ತದೆ. ಯಾವುದು ಎಂದು ಗೊತ್ತಾದರೆ ಸಿನಿಮಾ ಆರಿಸುವುದು ಸುಲಭ.

ಮೊದಲನೆಯದು ಬೆಚ್ಚಿಬೀಳುವುದು. ಮೌನದ ನಡುವೆ ಫಕ್ಕನೆ ದೊಡ್ಡ ಸದ್ದು, ಜೊತೆಗೊಂದು ಮುಖ. ಇದು ಪ್ರತಿವರ್ತನೆ. ಕಣ್ಣೆವೆ ಮುಚ್ಚುವುದು, ಕತ್ತು ಕುಗ್ಗುವುದು ಸೆಕೆಂಡಿನ ಸಣ್ಣದೊಂದು ಭಾಗದಲ್ಲಿ ಮೆದುಳುಕಾಂಡದ ಮಟ್ಟದಲ್ಲೇ ನಡೆದುಹೋಗುತ್ತದೆ, ಯೋಚಿಸುವ ಮೆದುಳಿಗೆ ಸುದ್ದಿ ತಲುಪುವುದು ಆಮೇಲೆ. ಆದ್ದರಿಂದ ‘ಇದು ಬರೀ ಸಿನಿಮಾ’ ಎಂದು ಎಷ್ಟು ಹೇಳಿಕೊಂಡರೂ ಬೆಚ್ಚುವುದು ತಪ್ಪುವುದಿಲ್ಲ. ಧೈರ್ಯಸ್ಥರೂ ಬೆಚ್ಚುತ್ತಾರೆ. ಕತ್ತಲಲ್ಲಿ, ಮೊದಲೇ ಆತಂಕದಲ್ಲಿರುವಾಗ ಇದು ಹೆಚ್ಚು. ಮತ್ತೆ ಮತ್ತೆ ಆದಾಗ ಕಡಿಮೆ.

ಎರಡನೆಯದು ಆತಂಕ. ಏನೋ ಆಗಲಿದೆ ಎಂದು ಗೊತ್ತು, ಯಾವಾಗ ಎಂದು ಗೊತ್ತಿಲ್ಲ. ಅಡ್ರಿನಲಿನ್ ಏರುತ್ತದೆ, ಎದೆ ಬಡಿತ ಜೋರಾಗುತ್ತದೆ, ಅಂಗೈ ಬೆವರುತ್ತದೆ. ಹಾರರ್ ಪ್ರಿಯರು ಹಣ ಕೊಡುವುದು ಮುಖ್ಯವಾಗಿ ಇದಕ್ಕೆ.

ಮೂರನೆಯದು ಹೇಸಿಗೆ: ರಕ್ತ, ಗಾಯ, ಕೊಳೆತ ದೇಹ. ನಾಟ್ಯಶಾಸ್ತ್ರ ಭಯಾನಕ ಮತ್ತು ಬೀಭತ್ಸವನ್ನು ಬೇರೆ ಬೇರೆ ರಸಗಳೆಂದೇ ಎಣಿಸಿ, ಒಂದಕ್ಕೆ ಭಯ, ಇನ್ನೊಂದಕ್ಕೆ ಜುಗುಪ್ಸೆ ಸ್ಥಾಯಿಭಾವ, ಅಂದರೆ ಮೂಲಭಾವ, ಎಂದಿದೆ. ಶರೀರಶಾಸ್ತ್ರದಲ್ಲೂ ಇವು ಬೇರೆಯೇ. ಭಯದಲ್ಲಿ ರಕ್ತದೊತ್ತಡ ಏರುತ್ತದೆ. ರಕ್ತ ಕಂಡರಾಗದ ಕೆಲವರಲ್ಲಿ ಅದು ಮೊದಲು ಏರಿ ಆಮೇಲೆ ಥಟ್ಟನೆ ಕುಸಿದು ತಲೆ ಸುತ್ತುತ್ತದೆ.

ನಾಲ್ಕನೆಯದಕ್ಕೆ ಸರಿಯಾದ ಹೆಸರು ಕೊಡುವುದು ಕಷ್ಟ. ದೆವ್ವವಿಲ್ಲ, ರಕ್ತವಿಲ್ಲ, ಆದರೂ ಮನಸ್ಸು ಕದಡುತ್ತದೆ. ಮಗುವನ್ನು ಕಳೆದುಕೊಂಡ ಮನೆ, ನಂಬಿದವರೇ ಮೋಸ ಮಾಡುವುದು, ಕೊನೆಗೂ ಉತ್ತರ ಸಿಗದ ಕಥೆ. ನೋಡುವಾಗ ಸುಮ್ಮನಿದ್ದು ಮೂರು ದಿನದ ಮೇಲೆ ಕಾಡುವುದು ಇದೇ. ‘ಹೆದರಿಕೆಯೇ ಇಲ್ಲ, ನೋಡು’ ಎಂದು ಶಿಫಾರಸು ಮಾಡುವಾಗ ಜನ ಮರೆಯುವುದೂ ಇದನ್ನೇ.

ಇಬ್ಬರಿಗೆ ಎರಡು ಅಳತೆ

ಡೆನ್ಮಾರ್ಕಿನ ಆರ್ಹುಸ್ ವಿಶ್ವವಿದ್ಯಾಲಯದ ಸಂಶೋಧಕರು ಭೂತಬಂಗಲೆ ಮಾದರಿಯ ಒಂದು ಮನರಂಜನಾ ತಾಣಕ್ಕೆ ಬಂದವರ ಎದೆಬಡಿತ ಅಳೆದು, ಅವರಿಗೆ ಎಷ್ಟು ಖುಷಿಯಾಯಿತು ಎಂದು ಕೇಳಿ 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೆದರಿಕೆ ತೀರಾ ಕಡಿಮೆಯಾದರೂ ಮಜಾ ಇಲ್ಲ, ತೀರಾ ಹೆಚ್ಚಾದರೂ ಇಲ್ಲ. ಮಧ್ಯದಲ್ಲೆಲ್ಲೋ ಖುಷಿ ಅತಿ ಹೆಚ್ಚು. ಆ ಮಧ್ಯದ ಜಾಗ ಒಬ್ಬೊಬ್ಬರಿಗೆ ಒಂದೊಂದು ಕಡೆ ಇರುತ್ತದೆ ಎಂಬುದೇ ಜೋಡಿಗಳ ಸಮಸ್ಯೆ.

ಜೊತೆಗಿರುವವರಿಂದಲೂ ಆ ಜಾಗ ಸರಿಯುತ್ತದೆ. ಅಮೆರಿಕದಲ್ಲಿ ಜೇಮ್ಸ್ ಕೋನ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿವಾಹಿತ ಮಹಿಳೆಯರಿಗೆ ಸಣ್ಣ ವಿದ್ಯುತ್ ಆಘಾತ ಆಗಬಹುದೆಂದು ಎಚ್ಚರಿಸಿ ಮೆದುಳಿನ ಸ್ಕ್ಯಾನ್ ತೆಗೆದರು. ಗಂಡನ ಕೈ ಹಿಡಿದಿದ್ದಾಗ ಮೆದುಳಿನ ಭಯಸಂಬಂಧಿ ಚಟುವಟಿಕೆ ತಗ್ಗಿತು. ಅಪರಿಚಿತರ ಕೈ ಹಿಡಿದಾಗಲೂ ತಗ್ಗಿತು, ಆದರೆ ಅಷ್ಟಲ್ಲ. ದಾಂಪತ್ಯ ಚೆನ್ನಾಗಿದ್ದಷ್ಟೂ ಪರಿಣಾಮ ಹೆಚ್ಚಿತ್ತು. ಅಂದರೆ ಒಂದೇ ಸೋಫಾದಲ್ಲಿ ಕೈಗೆ ಕೈ ತಾಗುವಷ್ಟು ಹತ್ತಿರ ಕೂರುವುದೂ ಹೆದರಿಕೆಯ ಪ್ರಮಾಣ ತಗ್ಗಿಸುವ ಒಂದು ವಿಧಾನ.

ಇನ್ನೊಂದು ಹಳೆಯ ಪ್ರಯೋಗ ಡಾಲ್ಫ್ ಜಿಲ್‌ಮನ್ ತಂಡದ್ದು, 1986ರದ್ದು. ಪರಿಚಯವಿಲ್ಲದ ಹುಡುಗ ಹುಡುಗಿಯರನ್ನು ಜೊತೆಯಾಗಿ ಕೂರಿಸಿ ಹಾರರ್ ತುಣುಕು ತೋರಿಸಿದಾಗ, ಪಕ್ಕದ ಹುಡುಗಿ ಹೆದರಿದರೆ ಹುಡುಗರಿಗೂ, ಪಕ್ಕದ ಹುಡುಗ ಧೈರ್ಯವಾಗಿದ್ದರೆ ಹುಡುಗಿಯರಿಗೂ ಸಿನಿಮಾ ಹೆಚ್ಚು ಹಿಡಿಸಿತು. ನಲವತ್ತು ವರ್ಷದ ಹಿಂದಿನ ಅಮೆರಿಕದ ಕಾಲೇಜು ವಿದ್ಯಾರ್ಥಿಗಳ ಫಲಿತಾಂಶವಿದು. ಹತ್ತು ವರ್ಷ ಒಟ್ಟಿಗೆ ಸಂಸಾರ ಮಾಡಿದವರಿಗೆ ಹಾಗೇ ಅನ್ವಯಿಸುತ್ತದೆಂದು ಹಿಡಿಯಬೇಕಿಲ್ಲ. ಅನೇಕ ಮನೆಗಳಲ್ಲಿ ಧೈರ್ಯ ಯಾರ ಪಾಲಿನದು ಎಂಬುದು ಎಲ್ಲರಿಗೂ ಗೊತ್ತಿರುವ ಗುಟ್ಟು.

ಸದ್ದು: ಅರ್ಧಕ್ಕಿಂತ ಹೆಚ್ಚು ಭಯ ಇಲ್ಲೇ

ಹಾರರ್ ದೃಶ್ಯವೊಂದನ್ನು ಮ್ಯೂಟ್ ಮಾಡಿ ನೋಡಿ, ಪೇಲವವಾಗಿಬಿಡುತ್ತದೆ. ಗಂಟಲು ಹರಿಯುವಂತೆ ಕಿರುಚಿದಾಗ, ವಾದ್ಯವನ್ನು ಅದರ ಮಿತಿ ಮೀರಿ ನುಡಿಸಿದಾಗ ಹುಟ್ಟುವ ಒರಟು ಸ್ವರಕ್ಕೂ ಪ್ರಾಣಿಗಳ ಅಪಾಯದ ಕೂಗಿಗೂ ಹೋಲಿಕೆಯಿದೆ. ಸಿನಿಮಾದವರು ಇಂಥ ಸ್ವರಗಳನ್ನು ಬೇಕೆಂದೇ ಬಳಸುತ್ತಾರೆ ಎಂಬುದನ್ನು ಕ್ಯಾಲಿಫೋರ್ನಿಯಾದ ಜೀವವಿಜ್ಞಾನಿ ಡೇನಿಯಲ್ ಬ್ಲೂಮ್‌ಸ್ಟೀನ್ ಮತ್ತು ಸಂಗಡಿಗರು 2010ರಲ್ಲಿ ತೋರಿಸಿದ್ದಾರೆ.

ಮನೆಯಲ್ಲಿ ಕೈಕೊಡುವುದು ಅತಿ ಮೆಲ್ಲನೆಯ ಮತ್ತು ಅತಿ ಜೋರಿನ ಸದ್ದಿನ ನಡುವಿನ ಅಂತರ. ಇದನ್ನು ಡೈನಾಮಿಕ್ ರೇಂಜ್ ಎನ್ನುತ್ತಾರೆ. ಸದ್ದು 10 ಡೆಸಿಬೆಲ್ ಏರಿದರೆ ಕಿವಿಗೆ ಹೆಚ್ಚುಕಡಿಮೆ ಎರಡು ಪಟ್ಟು ಜೋರಾಗಿ ಕೇಳುತ್ತದೆ. ಹಾರರ್ ಸಿನಿಮಾದಲ್ಲಿ ಪಿಸುಮಾತಿಗೂ ಕಿರುಚಾಟಕ್ಕೂ ಇಂಥ ಹಲವು ಹತ್ತುಗಳ ಅಂತರ. ಅದರ ಮೇಲೆ ನಮ್ಮ ಮನೆಗಳಲ್ಲಿ ಸೀಲಿಂಗ್ ಫ್ಯಾನ್ ಇದೆ. ಐದರಲ್ಲಿ ತಿರುಗುವ ಫ್ಯಾನಿನ ಗಾಳಿಸದ್ದು ಪಿಸುಮಾತನ್ನೆಲ್ಲ ನುಂಗುತ್ತದೆ. ನೋಡುವವರು ವಾಲ್ಯೂಮ್ ಏರಿಸುತ್ತಾರೆ, ಎರಡು ನಿಮಿಷದಲ್ಲಿ ಬಾಗಿಲು ಧಡಾರನೆ ಬಡಿದಾಗ ರಿಮೋಟ್‌ಗೆ ತಡಕಾಡುತ್ತಾರೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ವಸತಿ ಪ್ರದೇಶಕ್ಕೆ ಕಾನೂನು ಇಟ್ಟಿರುವ ಮಿತಿ 45 ಡೆಸಿಬೆಲ್ ಎಂಬುದೂ ನೆನಪಿರಲಿ.

ಕ್ರಮ ಹೀಗಿದ್ದರೆ ಒಳ್ಳೆಯದು. ಫ್ಯಾನ್ ಎರಡಕ್ಕೆ ಇಳಿಸಿ. ಮೊದಲ ಹತ್ತು ನಿಮಿಷದಲ್ಲಿ ಬರುವ ಸಾಮಾನ್ಯ ಮಾತುಕತೆ ಸಲೀಸಾಗಿ ಕೇಳುವಷ್ಟಕ್ಕೆ ವಾಲ್ಯೂಮ್ ಇಡಿ. ಆಮೇಲೆ ಪಿಸುಮಾತು ಅರ್ಥವಾಗದಿದ್ದರೂ ಏರಿಸಬೇಡಿ. ಅದು ಕೇಳಬಾರದೆಂದೇ ಇಟ್ಟಿರುವ ಸಾಧ್ಯತೆ ಹೆಚ್ಚು, ನೀವು ಕಿವಿಗೊಟ್ಟು ಮುಂದಕ್ಕೆ ಬಾಗಲಿ ಎಂಬುದೇ ಅವರ ಲೆಕ್ಕ. ಟಿವಿ ಅಥವಾ ಸೌಂಡ್‌ಬಾರಿನಲ್ಲಿ ‘ನೈಟ್ ಮೋಡ್’ ಅಥವಾ ‘ಆಟೋ ವಾಲ್ಯೂಮ್’ ಇದ್ದರೆ ಅದು ಮೆಲ್ಲನೆಯದನ್ನು ಏರಿಸಿ ಜೋರಿನದನ್ನು ಇಳಿಸುತ್ತದೆ. ಬೆಚ್ಚಿಬೀಳುವುದು ಬೇಡ ಎನ್ನುವ ಸಂಗಾತಿಗೆ ಇದೇ ಒಳ್ಳೆಯ ಔಷಧಿ. ಪೂರ್ತಿ ಅನುಭವ ಬೇಕೆನ್ನುವವರು ಆಫ್ ಮಾಡಲಿ.

ಬ್ಲೂಟೂತ್ ಹೆಡ್‌ಫೋನ್ ಬಳಸುವವರಿಗೆ ಸದ್ದು ಚಿತ್ರಕ್ಕಿಂತ ಸೆಕೆಂಡಿನ ಐದನೇ ಒಂದು ಭಾಗದಷ್ಟು ತಡವಾಗಿ ಬರಬಹುದು. ಮಾತಿಗೆ ಅದು ಬರೀ ಕಿರಿಕಿರಿ, ಬೆಚ್ಚಿಬೀಳಿಸುವ ದೃಶ್ಯವಂತೂ ಕೆಟ್ಟೇಹೋಗುತ್ತದೆ. ಟಿವಿಯ ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ‘ಎವಿ ಸಿಂಕ್’ ಇದ್ದರೆ ಸರಿಪಡಿಸಿ. ಟಿವಿಗೆ 3.5 ಮಿಲಿಮೀಟರ್ ಕಿಂಡಿ ಇದ್ದರೆ ಕವಲು ಕೇಬಲ್ ಹಾಕಿ ಎರಡು ತಂತಿ ಹೆಡ್‌ಫೋನ್ ಸಿಕ್ಕಿಸುವುದು ಅಗ್ಗ ಮತ್ತು ನಿಶ್ಚಿತ.

ಸಬ್‌ಟೈಟಲ್‌ನದ್ದು ಬೇರೆಯೇ ಕಥೆ. ಕಿವಿ ಕೇಳದವರಿಗಾಗಿ ಮಾಡಿದ ಸಬ್‌ಟೈಟಲ್‌ನಲ್ಲಿ ಸದ್ದುಗಳ ವಿವರವೂ ಇರುತ್ತದೆ. ಪರದೆಯಲ್ಲಿ ಏನೂ ಆಗುವ ಮೊದಲೇ ‘ಹಿಂದೆ ಹೆಜ್ಜೆ ಸಪ್ಪಳ’ ಎಂದು ಕಾಣಿಸಿಕೊಂಡು ಗುಟ್ಟು ಬಿಟ್ಟುಕೊಡುತ್ತದೆ. ಪಟ್ಟಿಯಲ್ಲಿ ‘ಸಿಸಿ’ ಎಂದಿರುವುದನ್ನು ಬಿಟ್ಟು ಸಾದಾ ಭಾಷೆಯ ಹೆಸರಿರುವುದನ್ನು ಆರಿಸಿ. ಬೇಗ ಬೆಚ್ಚುವವರಿಗೆ ಬೇಕೆಂದೇ ಸಿಸಿ ಹಾಕಿಕೊಡಬಹುದು.

ಹೆದರಿದಾಗ ಕಣ್ಣು ಮುಚ್ಚಿಕೊಳ್ಳುವುದು ಎಲ್ಲರ ರೂಢಿ. ಅಷ್ಟೇನೂ ಪ್ರಯೋಜನವಿಲ್ಲ. ಭಯ ಹುಟ್ಟಿಸುವ ಸಂಗೀತವನ್ನು ಕಣ್ಣು ಮುಚ್ಚಿ ಕೇಳಿದಾಗ ಭಯಕ್ಕೆ ಸಂಬಂಧಿಸಿದ, ಮೆದುಳಿನ ಅಮಿಗ್ಡಲಾ ಎಂಬ ಭಾಗ ಇನ್ನೂ ಹೆಚ್ಚು ಚುರುಕಾಗುತ್ತದೆ ಎಂದು ಇಸ್ರೇಲಿನ ಸಂಶೋಧಕರು 2009ರಲ್ಲಿ ಕಂಡರು. ಮುಚ್ಚಬೇಕಾದದ್ದು ಕಿವಿ.

ಕತ್ತಲೆ ಮತ್ತು ಪರದೆ

ಅಂಗಡಿಯಲ್ಲಿ ಎದ್ದು ಕಾಣಲೆಂದು ಟಿವಿಗಳು ‘ವಿವಿಡ್’ ಅಥವಾ ‘ಡೈನಾಮಿಕ್’ ಎಂಬ ಮೋಡ್‌ನಲ್ಲಿರುತ್ತವೆ. ಕ್ರಿಕೆಟ್‌ಗೆ ಪರವಾಗಿಲ್ಲ. ಹಾರರ್‌ಗೆ ಅದು ಶತ್ರು. ‘ಸಿನಿಮಾ’, ‘ಮೂವಿ’ ಅಥವಾ ‘ಫಿಲ್ಮ್‌ಮೇಕರ್ ಮೋಡ್’ಗೆ ಬದಲಿಸಿ. ಆಮೇಲೆ ಚಲನೆಯನ್ನು ನಯಗೊಳಿಸುವ ಸೌಲಭ್ಯ ಆಫ್ ಮಾಡಿ. ಸಿನಿಮಾ ಸೆಕೆಂಡಿಗೆ 24 ಚಿತ್ರಗಳದ್ದು. ಟಿವಿ ನಡುವೆ ತನ್ನದೇ ಚಿತ್ರಗಳನ್ನು ಸೇರಿಸಿದಾಗ ಎಲ್ಲವೂ ಧಾರಾವಾಹಿಯಂತೆ ಕಂಡು ದೆವ್ವದ ಮೇಕಪ್ಪು ಬಯಲಾಗುತ್ತದೆ. ಕೋಣೆಯ ಬೆಳಕು ನೋಡಿ ತಾನೇ ಮಂಕಾಗುವ ‘ಇಕೋ’ ಸೌಲಭ್ಯವನ್ನೂ ಆಫ್ ಮಾಡಿ, ಇಲ್ಲದಿದ್ದರೆ ಕತ್ತಲ ದೃಶ್ಯ ಪೂರಾ ಕಪ್ಪಾದೀತು.

ಟಿವಿಯ ‘ಬ್ರೈಟ್‌ನೆಸ್’ ಅನೇಕ ಬ್ರಾಂಡ್‌ಗಳಲ್ಲಿ ಕಪ್ಪಿನ ಮಟ್ಟವನ್ನು ಬದಲಿಸುತ್ತದೆ, ಬೆಳಕಿನ ತೀವ್ರತೆಗೆ ‘ಬ್ಯಾಕ್‌ಲೈಟ್’ ಬೇರೆ. ಕತ್ತಲ ದೃಶ್ಯವಿರುವ ಒಂದು ಟ್ರೇಲರ್ ನಿಲ್ಲಿಸಿ ನೋಡಿ. ಕಪ್ಪು ಕೋಟಿನ ಮಡಿಕೆ ಕಾಣದಿದ್ದರೆ ಬ್ರೈಟ್‌ನೆಸ್ ಒಂದೆರಡು ಅಂಕ ಏರಿಸಿ. ಚಿತ್ರದ ಮೇಲೆ ಕೆಳಗಿನ ಕಪ್ಪು ಪಟ್ಟಿಗಳು ಬೂದುಬಣ್ಣಕ್ಕೆ ತಿರುಗಿದರೆ ಹೆಚ್ಚಾಯಿತು, ಇಳಿಸಿ. ಸಾದಾ ಎಲ್‌ಇಡಿ ಟಿವಿಯಲ್ಲಿ ಕಪ್ಪು ಸಂಪೂರ್ಣ ಕಪ್ಪಾಗುವುದಿಲ್ಲ, ಏಕೆಂದರೆ ಹಿಂದಿನ ದೀಪ ಉರಿಯುತ್ತಲೇ ಇರುತ್ತದೆ. ಒಎಲ್‌ಇಡಿಯಲ್ಲಿ ಒಂದೊಂದು ಚುಕ್ಕೆಯೂ ಪ್ರತ್ಯೇಕವಾಗಿ ಆರಬಲ್ಲದು. ಮಂಜು, ಕತ್ತಲ ಗೋಡೆಗಳಲ್ಲಿ ಮೆಟ್ಟಿಲಿನಂಥ ಪಟ್ಟೆಗಳು ಕಂಡರೆ ಅದು ಬಹುಮಟ್ಟಿಗೆ ಟಿವಿಯ ದೋಷವಲ್ಲ, ಕಡಿಮೆ ಡೇಟಾದಲ್ಲಿ ಹಿಂಡಿ ಕಳಿಸಿದ್ದರ ಫಲ. ಗುಣಮಟ್ಟ ಎಚ್‌ಡಿಗೆ ಏರಿದೆಯೇ ನೋಡಿ.

ಕೋಣೆಯಲ್ಲಿ ನೆತ್ತಿಯ ಮೇಲಿನ, ಬೆನ್ನ ಹಿಂದಿನ ದೀಪಗಳನ್ನೆಲ್ಲ ಆರಿಸಿ, ಹೊಳೆಯುವ ಪರದೆಯಲ್ಲಿ ಅವು ಪ್ರತಿಫಲಿಸುತ್ತವೆ. ಪೂರ್ತಿ ಕತ್ತಲೆ ಬೇಡವಾದರೆ ಟಿವಿಯ ಹಿಂದೆ, ಗೋಡೆಗೆ ಮುಖಮಾಡಿ ಒಂದು ಮಂದ ಬಿಳಿ ದೀಪ. ಕಣ್ಣಿಗೂ ಆಯಾಸ ಕಡಿಮೆ, ಕೋಣೆಯ ಮೂಲೆಗಳೂ ಕಾಣುತ್ತವೆ. ದೂರವೂ ಒಂದು ಅಳತೆ. 43 ಇಂಚಿನ ಟಿವಿಯನ್ನು ಒಂದೂವರೆ ಮೀಟರ್‌ನಿಂದ ನೋಡಿದರೆ ಸಿನಿಮಾದ ಅನುಭವ, ಮೂರು ಮೀಟರ್‌ನಿಂದ ನೋಡಿದರೆ ಎಲ್ಲೋ ನಡೆಯುತ್ತಿರುವ ಸುದ್ದಿಯಂತೆ. ಹೆದರುವವರನ್ನು ಸೋಫಾಕ್ಕೂ, ಹೆದರಿಕೆ ಸಾಲದವರನ್ನು ಮುಂದೆ ಚಾಪೆಗೂ ಕಳಿಸಬಹುದು, ಕೈ ಹಿಡಿಯುವ ಯೋಜನೆ ಇಲ್ಲದಿದ್ದರೆ.

ಆಯ್ಕೆ ಮತ್ತು ಒಪ್ಪಂದ

ಬಾಡಿಗೆ ಪುಟದಲ್ಲಿ ವಯೋಮಿತಿಯ ಗುರುತು ಇರುತ್ತದೆ: ಯು, ಯು/ಎ 7+, ಯು/ಎ 13+, ಯು/ಎ 16+, ಎ. ಪಕ್ಕದಲ್ಲಿ ಹಿಂಸೆ, ಅಶ್ಲೀಲ ಮಾತು, ಮಾದಕವಸ್ತು ಎಂಬಂಥ ಸಣ್ಣ ಸೂಚನೆಯೂ ಇರಬೇಕೆಂದು 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಹೇಳುತ್ತವೆ. ಆದರೆ ಗುರುತು ಹೇಳುವುದು ವಯಸ್ಸನ್ನು. ನಿಮ್ಮ ಮನೆಯವರಿಗೆ ಏನು ಆಗುವುದಿಲ್ಲ ಎಂಬುದನ್ನಲ್ಲ. ಎ ಪ್ರಮಾಣಪತ್ರದ ಸಿನಿಮಾ ಬರೀ ರಕ್ತದಿಂದ ತುಂಬಿ ಹೆದರಿಸದೆಯೂ ಹೋಗಬಹುದು, ಯು/ಎ 13+ ನಿದ್ದೆ ಕೆಡಿಸಬಹುದು.

ಹಣ ಕೊಡುವ ಮೊದಲು ಒಬ್ಬರನ್ನೊಬ್ಬರು ಕೇಳಿಕೊಳ್ಳಬೇಕಾದದ್ದು ಇಷ್ಟು: ರಕ್ತ ನೋಡಬಲ್ಲೆಯಾ? ಮಕ್ಕಳಿಗೆ, ನಾಯಿಗೆ ಏನಾದರೂ ಆದರೆ? ಲೈಂಗಿಕ ಹಿಂಸೆ ಇದ್ದರೆ? ಗರ್ಭಪಾತ, ಸಾವು, ಆಸ್ಪತ್ರೆ, ಅಂದರೆ ಮನೆಯಲ್ಲಿ ಈಚೆಗೆ ನಡೆದದ್ದೇನಾದರೂ? ಕಥೆ ಹಾಳಾಗದಂತೆ ಇವಕ್ಕೆ ಹೌದು-ಇಲ್ಲ ಎಂದಷ್ಟೇ ಉತ್ತರ ಕೊಡುವ ‘ಡಸ್ ದ ಡಾಗ್ ಡೈ’ ಎಂಬ ತಾಣವಿದೆ. ಕನ್ನಡ ಸಿನಿಮಾಗಳ ಮಾಹಿತಿ ಅಲ್ಲಿ ಹೆಚ್ಚು ಸಿಗದು, ಇಂಗ್ಲಿಷ್ ಸಿನಿಮಾಕ್ಕೆ ಉಪಯುಕ್ತ.

ಪರಿಚಿತವಾದದ್ದು ಹೆಚ್ಚು ಹೆದರಿಸುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಯುರೋಪಿನ ಹಳೆಯ ಕೋಟೆಯ ಪಿಶಾಚಿಗಿಂತ ಬಾಗಿಲು ತಟ್ಟುವ ಹೆಣ್ಣುದನಿ ನಮ್ಮವರನ್ನು ಕಾಡುತ್ತದೆ. 1990ರ ದಶಕದಲ್ಲಿ ಕರ್ನಾಟಕದ ಊರೂರಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದದ್ದು ಅಂಥ ದನಿಗೇ. ಮನೆಗೆ ನುಗ್ಗುವವರ ಕಥೆಯನ್ನು ಮನೆಯಲ್ಲೇ ಕೂತು ನೋಡಿದರೆ ಪರಿಣಾಮ ಎರಡು ಪಟ್ಟು. ಮರುದಿನ ಒಬ್ಬರು ಊರಿಗೆ ಹೊರಟು ಇನ್ನೊಬ್ಬರು ಒಂಟಿಯಾಗಿರಬೇಕಿದ್ದರೆ ಆ ಬಗೆ ಬೇಡ.

ರಿಮೋಟ್ ಇಬ್ಬರಲ್ಲಿ ಹೆಚ್ಚು ಹೆದರುವವರ ಕೈಯಲ್ಲಿರಲಿ. ನಿಲ್ಲಿಸುವ ಹಕ್ಕು ತನ್ನದೇ ಎಂದು ಗೊತ್ತಿದ್ದರೆ ಮನಸ್ಸು ಹೆಚ್ಚು ತಡೆದುಕೊಳ್ಳುತ್ತದೆ, ವಾಸ್ತವದಲ್ಲಿ ಅವರು ನಿಲ್ಲಿಸುವುದೇ ಕಡಿಮೆ. ಆತಂಕವೇ ತೊಂದರೆಯಾದವರು ಕಥಾಸಾರವನ್ನು ಮೊದಲೇ ಓದಿಕೊಂಡು ಬರಲಿ. ಮುಂದೇನು ಎಂದು ಗೊತ್ತಿದ್ದರೆ ಆತಂಕ ಇಳಿಯುತ್ತದೆ. ಇನ್ನೊಬ್ಬರು ಓದದೇ ಇರಲಿ. ಹೇಳಿಬಿಡಬಾರದು, ಅಷ್ಟೇ. ಬೇಕೆಂದೇ ಭುಜ ಹಿಡಿದು ಬೆಚ್ಚಿಬೀಳಿಸುವ ಆಟ ಒಂದು ಸಲಕ್ಕೆ ತಮಾಷೆ, ಮುಂದಿನ ಸಲ ಸಂಗಾತಿ ಕೂರುವುದೇ ಇಲ್ಲ.

ದೇಹ ಬೇಡ ಎಂದಾಗ

ರಕ್ತದ ದೃಶ್ಯಕ್ಕೆ ಮುಖ ಬಿಳುಚಿ, ತಣ್ಣನೆ ಬೆವರು ಬಂದು, ಕಣ್ಣು ಮಂಜಾಗುತ್ತಿದೆ ಎಂದರೆ ಸಿನಿಮಾ ನಿಲ್ಲಿಸಿ ಅಲ್ಲೇ ಮಲಗಿಸಿ ಕಾಲು ಮೇಲಕ್ಕೆತ್ತಿಡಿ. ಎಬ್ಬಿಸಿ ಬಾತ್‌ರೂಮಿಗೆ ನಡೆಸುವುದು ತಪ್ಪು, ದಾರಿಯಲ್ಲೇ ಬೀಳುತ್ತಾರೆ. ಹೀಗಾಗುವ ಅಭ್ಯಾಸವಿದ್ದವರು ಮುನ್ಸೂಚನೆ ಸಿಕ್ಕಕೂಡಲೇ ಕೈ, ಕಾಲು, ಹೊಟ್ಟೆಯ ಸ್ನಾಯುಗಳನ್ನು 10ರಿಂದ 15 ಸೆಕೆಂಡ್ ಬಿಗಿಹಿಡಿದು, 20ರಿಂದ 30 ಸೆಕೆಂಡ್ ಸಡಿಲಿಸಿ, ಐದು ಸಲ ಮಾಡಿದರೆ ರಕ್ತದೊತ್ತಡ ಕುಸಿಯುವುದನ್ನು ತಡೆಯಬಹುದು.

ಮಿಣುಕುವ ಬೆಳಕಿನಿಂದ ಅಪಸ್ಮಾರ ಬರುವವರಿಗೆ ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಮಿನುಗುವ ದೃಶ್ಯ ಅಪಾಯಕಾರಿ, ಕತ್ತಲ ಕೋಣೆಯಲ್ಲಿ ಇನ್ನಷ್ಟು. ಅಂಥವರಿದ್ದರೆ ದೀಪ ಉರಿಯಲಿ, ಪರದೆಯಿಂದ ದೂರ ಕೂರಲಿ. ದೃಶ್ಯ ಬಂದಾಗ ಎರಡೂ ಕಣ್ಣು ಮುಚ್ಚಿದರೆ ಸಾಲದು, ರೆಪ್ಪೆಯೊಳಗಿಂದಲೂ ಬೆಳಕು ಹಾಯುತ್ತದೆ. ಒಂದು ಕಣ್ಣನ್ನು ಅಂಗೈಯಿಂದ ಪೂರ್ತಿ ಮುಚ್ಚಿ ಮುಖ ತಿರುಗಿಸಬೇಕು.

ಮುಗಿದ ಮೇಲಿನ ಅರ್ಧ ಗಂಟೆ

ಸಿನಿಮಾ ಮುಗಿದರೂ ದೇಹದ ಉದ್ವೇಗ ಕೂಡಲೇ ಇಳಿಯುವುದಿಲ್ಲ. ಒಲೆ ಆರಿಸಿದ ಮೇಲೂ ಕಾವಲಿ ಬಿಸಿ ಇರುತ್ತದಲ್ಲ, ಹಾಗೆ; ಆಗ ಅದರ ಮೇಲೆ ಏನು ಬಿದ್ದರೂ ಬೇಯುತ್ತದೆ. ಜಿಲ್‌ಮನ್ ಅವರೇ ವಿವರಿಸಿದ ‘ಉದ್ವೇಗದ ವರ್ಗಾವಣೆ’ ಇದು: ಉಳಿದ ಉದ್ವೇಗ ಮುಂದಿನ ಭಾವನೆಗೆ ಬಲ ಕೊಡುತ್ತದೆ. ನಕ್ಕರೆ ನಗು ಜಾಸ್ತಿ, ಅಪ್ಪಿಕೊಂಡರೆ ಅಕ್ಕರೆ ಜಾಸ್ತಿ, ಇಎಂಐ ಅಥವಾ ಅತ್ತೆ ಮನೆಯ ವಿಷಯ ಎತ್ತಿದರೆ ಜಗಳವೂ ಜಾಸ್ತಿ. ಕೊನೆಯದನ್ನು ಮರುದಿನಕ್ಕೆ ಇಟ್ಟುಕೊಳ್ಳಿ.

ಮಲಗುವುದಕ್ಕೆ ಒಂದೂವರೆ ಗಂಟೆ ಮೊದಲೇ ಮುಗಿಯುವಂತೆ ಶುರುಮಾಡಿ. ಹನ್ನೊಂದಕ್ಕೆ ಮಲಗುವವರು ಎರಡು ಗಂಟೆಯ ಸಿನಿಮಾವನ್ನು ಏಳೂವರೆಗೆ ಹಾಕಬೇಕು, ಊಟದ ತಟ್ಟೆ ಹಿಡಿದೇ ನೋಡಬೇಕಾದೀತು. ರಕ್ತದ ಸಿನಿಮಾವಾದರೆ ಊಟ ಮೊದಲೇ ಆಗಲಿ. ಆ ಹೊತ್ತಿನ ಕಾಫಿ ನಿದ್ದೆಯನ್ನು ಇನ್ನಷ್ಟು ದೂರ ತಳ್ಳುತ್ತದೆ. ಮುಗಿದ ಮೇಲೆ ದೀಪ ಹಾಕಿ, ಇಬ್ಬರೂ ಎದ್ದು ಬಾಗಿಲು, ಗ್ಯಾಸ್ ನೋಡಿ ಬನ್ನಿ. ಆ ಮೇಕಪ್ಪು ಹೇಗೆ ಮಾಡಿದರು, ಆ ಸದ್ದು ಎಲ್ಲಿಂದ ತಂದರು ಎಂದು ಮಾತಾಡಿದರೆ ಮನಸ್ಸು ಕಥೆಯಿಂದ ಹೊರಬಂದು ಕಸುಬಿನ ಕಡೆ ತಿರುಗುತ್ತದೆ.

ಒಂದೇ ಕೆಟ್ಟ ಕನಸು ಮತ್ತೆ ಮತ್ತೆ ಬರುತ್ತಿದ್ದರೆ ನಿದ್ರಾ ಚಿಕಿತ್ಸಕರು ಬಳಸುವ ಒಂದು ವಿಧಾನವಿದೆ. ಹಗಲಲ್ಲಿ ಕೂತು ಆ ಕನಸನ್ನು ಬರೆದು, ಅದರ ಕೊನೆಯನ್ನು ತಮಗೆ ಬೇಕಾದಂತೆ ಬದಲಿಸಿ, ಬದಲಿಸಿದ ರೂಪವನ್ನು ದಿನಕ್ಕೆ ಹತ್ತಿಪ್ಪತ್ತು ನಿಮಿಷ ಮನಸ್ಸಿನಲ್ಲಿ ಓಡಿಸುವುದು. ವಾರಗಟ್ಟಲೆ ನಿದ್ದೆ ಕೆಟ್ಟೇ ಇದ್ದರೆ ವೈದ್ಯರನ್ನು ಕಾಣಬೇಕು.